ಬೀಟ್ ಬುಕ್ಕಿನ ಏಳನೆಯ ಹೆಸರು

ಯಳಂದೂರು
11-8-1957

ರೈಟರ್ ಸುಬ್ಬಯ್ಯಣ್ಣನವರಿಗೆ ಮಾದಸ್ವಾಮಿ ಮಾಡುವ ನಮಸ್ಕಾರ.

ಇಲ್ಲಿಗೆ ವರ್ಗವಾಗಿ ಬಂದು ತಿಂಗಳು ತುಂಬಿತು. ಕಾಗದ ಬರೆಯಲಿಲ್ಲವೆಂದು ಬೈಯಬೇಡಿ. ಕೊಳ್ಳೇಗಾಲದಿಂದ ಯಳಂದೂರಿಗೆ ಎಷ್ಟು ದೂರ, ಆದರೂ ಬೇರೆ ದೇಶಕ್ಕೆ ಬಂದ ಹಾಗಾಗಿದೆ. ನಾವು ಮದ್ರಾಸಿನವರಾಗಿದ್ದಾಗ ಹೆಡ್ ಕಾನ್‌ಸ್ಟೇಬಲ್ಲರನ್ನು ಏಟ್ಟಯ್ಯ ಅನ್ನುತ್ತಿದ್ದೆವಲ್ಲ, ಇಲ್ಲಿ ಅವರು ದಫೇದಾರರು. ಮೊದಲ ದಿನ ಬಾಯಿ ತಪ್ಪಿ ಏಟ್ಟಯ್ಯ ಅಂದುಬಿಟ್ಟೆ. ಇಡೀ ಠಾಣೆ ನಕ್ಕಿತು. ಇವತ್ತಿಗೂ ನನ್ನನ್ನು ‘ಏನ್ಲಾ ಮದ್ರಾಸಿ’ ಎಂದೇ ಕರೆಯುತ್ತಾರೆ. ಕೆಟ್ಟವರಲ್ಲ.

ಇಲ್ಲಿ ರಿಜಿಸ್ಟರುಗಳೆಲ್ಲ ಕನ್ನಡದಲ್ಲಿವೆ. ಸಹಿ ಹಾಕುವ ಮುಂಚೆ ಮೇಲೆ ಏನು ಬರೆದಿದೆ ಎಂದು ನಾನೇ ಓದಿಕೊಳ್ಳಬಹುದು. ಅಣ್ಣ, ನನಗೆ ನಿದ್ದೆ ಕೆಟ್ಟಿರುವುದು ಅದರಿಂದಲೇ.

ಹೋದ ಗುರುವಾರ, ಜೈಲಿನಲ್ಲಿರುವ ಚಿಕ್ಕಮಾದಪ್ಪನ ಹೆಂಡತಿ ಗುರುಸಿದ್ದಮ್ಮ ಇಲ್ಲಿಗೆ ಬಂದಿದ್ದಳು. ಲೊಕ್ಕನಹಳ್ಳಿಯಿಂದ ಹನೂರಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ನಾನು ಎಲ್ಲಿದ್ದೇನೆಂದು ಕೇಳಿಕೊಂಡು ಬಂದಿದ್ದಾಳೆ. ಅಳುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡೆ. ಅವಳು ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ನಿಂತು ಒಂದೇ ಮಾತು ಕೇಳಿದಳು. ‘ಅಲ್ಲಾ ಸಾ, ಕೋರ್ಟ್ನಲ್ಲಿ ನಮ್ಮನೆ ಬಾಗ್ಲು ಬಡುದೆ ಅಂದ್ರಲ್ಲಾ, ನಮ್ಮನೆಗೆ ಬಾಗ್ಲೇ ಇಲ್ವಲ್ಲಾ. ಯಾರ್ ಮನೇದು ಬಡುದ್ರಿ?’

ಅವಳು ಸ್ವಲ್ಪ ಹೊತ್ತು ಕಾದು ಹೊರಟುಹೋದಳು.

ಅಣ್ಣ, ನಾನು ಆ ಮನೆ ನೋಡೇ ಇಲ್ಲ. ನಿಮಗೂ ಗೊತ್ತು. ಕೇಡಿ ಪಟ್ಟಿಯಲ್ಲಿದ್ದವರ ಮನೆಗೆ ಸಂಜೆ ಹೋಗಿ, ಇದ್ದಾರೋ ಇಲ್ಲವೋ ನೋಡಿ ಬೀಟ್ ಬುಕ್ಕಿನಲ್ಲಿ ಬರೆಯಬೇಕು ಎಂಬುದು ಕಾನೂನು. ನಾವು ಮಾಡುತ್ತಿದ್ದದ್ದು ಬೇರೆ. ಪಟೇಲರ ಜಗಲಿಗೆ ಎಲ್ಲರನ್ನೂ ಕರೆಸಿ ತಲೆ ಎಣಿಸಿ ಬರುತ್ತಿದ್ದೆವು. ಹೋದ ವರ್ಷ ಅಕ್ಟೋಬರ್ 31ರಂದು ಅದನ್ನೂ ಮಾಡಲಿಲ್ಲ. ಮಾರನೆಯ ದಿನ ಕೊಳ್ಳೇಗಾಲ ಮೈಸೂರಿಗೆ ಸೇರುತ್ತದೆಂದು ನಮ್ಮನ್ನೆಲ್ಲ ಪೆರೇಡಿಗೆ ಕೊಳ್ಳೇಗಾಲಕ್ಕೆ ಕರೆಸಿದ್ದರು. ನಮ್ಮ ಬೂದಿಗುಡ್ಡೆ ಹೊರಠಾಣೆಯಲ್ಲಿ ಉಳಿದವರು ನೀವೊಬ್ಬರೇ. ನಾನು ಮರುದಿನ ಬಂದಾಗ ಬುಕ್ಕು ಮುಂದೆ ಇಟ್ಟು ‘ಹಾಕಯ್ಯ ಸಹಿ’ ಅಂದಿರಿ. ತಮಿಳಿನಲ್ಲಿತ್ತು. ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಕಿದೆ.

ಆ ಸಂಜೆಯೇ ಹನೂರು ದಾರಿಯಲ್ಲಿ ರೇಷ್ಮೆಗೂಡಿನ ಗಾಡಿಯವನನ್ನು ಯಾರೋ ಹೊಡೆದು ಕೊಂದರು. ಸತ್ತವನ ಕಂಬಳಿ ಚಿಕ್ಕಮಾದಪ್ಪನ ಹೊಲದ ಬೇಲಿಯಲ್ಲಿ ಸಿಕ್ಕಿತು. ಸಂಜೆ ಮನೆಯಲ್ಲೇ ಇದ್ದೆ ಅಂದ ಅವನು. ನಮ್ಮ ಬುಕ್ಕು ಇಲ್ಲ ಅಂದಿತು. ನೀವು ಹೇಳಿಕೊಟ್ಟ ಹಾಗೆ, ಬಾಗಿಲು ಬಡಿದೆ, ಹೆಂಡತಿ ಬಂದು ಅವನಿಲ್ಲ ಅಂದಳು ಎಂದು ನಾನು ಕಟಕಟೆಯಲ್ಲಿ ಹೇಳಿದೆ. ಹತ್ತು ವರ್ಷ ಕೊಟ್ಟರು.

ಒಂದು ಮಾತು ಹೇಳಿ ಅಣ್ಣ. ನೀವು ನೋಡದೆ, ನಾನು ನೋಡದೆ, ಅವನೊಬ್ಬನ ಹೆಸರಿಗೆ ಮಾತ್ರ ‘ಇಲ್ಲ’ ಎಂದು ಯಾಕೆ ಬರೆದಿರಿ?

ಇಂತಿ ತಮ್ಮ
ಮಾದಸ್ವಾಮಿ, ಪೇದೆ ನಂ. 417


ಬೂದಿಗುಡ್ಡೆ ಹೊರಠಾಣೆ
16-8-1957

ಅಯ್ಯಾ ಪುಣ್ಯಾತ್ಮ,

ನಿನಗೆ ಬುದ್ಧಿ ಇದೆಯೋ ಇಲ್ಲವೋ? ಇಷ್ಟನ್ನೂ ಇನ್‌ಲ್ಯಾಂಡ್ ಕಾಗದದಲ್ಲಿ ಬರೆದು ಠಾಣೆಯ ವಿಳಾಸಕ್ಕೆ ಹಾಕಿದ್ದೀಯಲ್ಲ! ಹೆಸರು, ನಂಬರು ಬೇರೆ. ಟಪಾಲು ತರುವವನು ಅಂಟು ಬಿಡಿಸಿ ಓದಿದ್ದರೆ ಇಷ್ಟು ಹೊತ್ತಿಗೆ ನಾವಿಬ್ಬರೂ ಲಾಕಪ್ಪಿನ ಒಳಗಡೆ ಇರುತ್ತಿದ್ದೆವು. ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಿದ್ದೇನೆ. ಇದನ್ನೂ ನೀನು ಹಾಗೇ ಮಾಡಬೇಕು. ಇನ್ನು ಮುಂದೆ ಬರೆಯುವುದಿದ್ದರೆ ಕವರಿನಲ್ಲಿ ಹಾಕಿ, ಕೊಳ್ಳೇಗಾಲದ ನಮ್ಮ ಮನೆಗೆ ಕಳಿಸು. ಹೆಸರು ಹಾಕಬೇಡ. ನಾನೂ ಹಾಕುವುದಿಲ್ಲ.

ನಮ್ಮ ಸ್ಥಿತಿ ಏನೆಂದು ತಿಳಿದುಕೋ. ಮದ್ರಾಸಿನಿಂದ ಬಂದವರು, ಮುಂಬಯಿಯಿಂದ ಬಂದವರು, ಹೈದರಾಬಾದಿನವರು, ಕೊಡಗಿನವರು, ಹಳೆಯ ಮೈಸೂರಿನವರು, ಇಷ್ಟು ಜನ ಪೊಲೀಸರನ್ನೂ ಒಂದೇ ಸೀನಿಯಾರಿಟಿ ಪಟ್ಟಿಗೆ ಸೇರಿಸುತ್ತಿದ್ದಾರೆ. ಯಾರು ಮೇಲೆ ಯಾರು ಕೆಳಗೆ ಎಂದು ದಿನಾ ಜಗಳ. ನಾನು ಇಪ್ಪತ್ತೆರಡು ವರ್ಷ ಪೆನ್ನು ಹಿಡಿದವನು. ನಿನಗೆ ಎರಡು ಮಕ್ಕಳು. ಈಗ ಒಬ್ಬ ಮದ್ರಾಸಿ ಪೇದೆ ಎದ್ದು ನಿಂತು ನಾನು ಪ್ರಮಾಣ ಮಾಡಿ ಸುಳ್ಳು ಹೇಳಿದೆ ಅಂದರೆ ನಮ್ಮಿಬ್ಬರ ಹೆಸರು ಪಟ್ಟಿಯ ಕೆಳಗೂ ಇರುವುದಿಲ್ಲ, ಮೇಲೂ ಇರುವುದಿಲ್ಲ. ನೇರ ಜೈಲಿನ ಪಟ್ಟಿಯಲ್ಲಿ ಇರುತ್ತದೆ.

ಅವಳ ಮನೆಗೆ ಬಾಗಿಲಿದ್ದರೇನು ಇಲ್ಲದಿದ್ದರೇನು, ಕಂಬಳಿ ಸಿಕ್ಕಿದ್ದು ಅವನ ಬೇಲಿಯಲ್ಲಿ. ಅದನ್ನು ನಾನು ತೂಗುಹಾಕಲಿಲ್ಲ, ನೀನೂ ಹಾಕಲಿಲ್ಲ. ಆ ಕಡೆ ಯೋಚನೆ ಬಿಡು. ಹೊಸ ಜಾಗದಲ್ಲಿ ತಲೆ ತಗ್ಗಿಸಿಕೊಂಡು ಕೆಲಸ ಮಾಡು. ನಿನ್ನ ಅತ್ತಿಗೆ ಸರಸ್ವತಮ್ಮ ನಿನ್ನ ಹೆಂಡತಿ ಮಕ್ಕಳನ್ನು ಕೇಳಿದಳು.

ನಿನ್ನ ಹಿತ ಬಯಸುವವನು


ಯಳಂದೂರು
2-10-1957

ಅಣ್ಣನವರಿಗೆ ನಮಸ್ಕಾರ. ನೀವು ಹೇಳಿದಂತೆ ಕವರಿನಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ದಿನ ರಜ ಹಾಕಿ ಮಧುವನಹಳ್ಳಿಗೆ ಹೋಗಿದ್ದೆ. ಅವ್ವನಿಗೆ ಹುಷಾರಿಲ್ಲ ಎಂದು ಅರ್ಜಿಯಲ್ಲಿ ಬರೆದೆ, ಅದೂ ಸುಳ್ಳೇ. ಒಂದು ದಿನ ಊರಲ್ಲಿದ್ದು ಮಾರನೆಯ ದಿನ ಮಫ್ತಿಯಲ್ಲಿ ಹನೂರಿಗೆ ಹೋದೆ. ಅಲ್ಲಿಂದ ಲೊಕ್ಕನಹಳ್ಳಿ ದಾರಿಯಲ್ಲಿ ನಡೆದೆ. ಎಂಟು ವರ್ಷ ನನ್ನ ಬೀಟು ಅದು ಅಣ್ಣ. ಊರಿನ ಆಚೆ ಎರಡು ಮೈಲಿ ಕಾಡಿನ ಅಂಚಿನಲ್ಲಿ ಚಿಕ್ಕಮಾದಪ್ಪನ ಹೊಲ ಇದೆಯೆಂದು ಕೇಳಿ ಮಾತ್ರ ಗೊತ್ತಿತ್ತು. ಮೊದಲನೆಯ ಸಲ ಹೋದೆ.

ಮನೆ ಅನ್ನುವುದಕ್ಕಿಂತ ಗುಡಿಸಲು. ಮಣ್ಣಿನ ಗೋಡೆ, ಮೇಲೆ ಹುಲ್ಲು. ಮುಂದೆ ಒಂದು ಬಿದಿರ ತಡಿಕೆ, ಅದನ್ನು ಎತ್ತಿ ಪಕ್ಕಕ್ಕೆ ಇಡಬೇಕು. ಬಡಿದರೆ ಸದ್ದೂ ಬರುವುದಿಲ್ಲ. ನಾನು ಬಡಿದು ನೋಡಿದೆ. ಹುಚ್ಚನ ಹಾಗೆ ಎರಡು ಮೂರು ಸಲ ಬಡಿದೆ.

ಗುರುಸಿದ್ದಮ್ಮ ಹೊಲದಿಂದ ಬಂದಳು. ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು. ರಾಗಿ ಅರ್ಧಕ್ಕರ್ಧ ಆನೆ ತುಳಿದಿದೆ, ಅಟ್ಟಣೆಯ ಮೇಲೆ ಕಾವಲು ಕೂರಲು ಗಂಡಸಿಲ್ಲ. ‘ನೋಡೀರಿ ಸಾ, ಆನೆಗೂ ಗೊತ್ತಾಗ್ಬುಟ್ಟದೆ ಅವ್ರಿಲ್ಲ ಅಂತ’ ಅಂದಳು. ಆ ದಿನ ಸಂಜೆ ಅವನು ಏನು ಮಾಡುತ್ತಿದ್ದ ಎಂದು ಕೇಳಿದೆ. ‘ಇಲ್ಲೇ ಕುಂತು ಅಗ್ಗ ವೊಸೀತಿದ್ರು. ಅವತ್ಯಾಕೋ ಪಟೇಲ್ರ ಜಗ್ಲಿಗೆ ಬಾ ಅಂತ ಯಾರೂ ಕರೀನಿಲ್ಲ, ಮಾದಪ್ಪ ಕಣ್ಬುಟ್ಟ ಅಂದ್ಕಂಡ್ವಿ’ ಅಂದಳು. ಹತ್ತೊಂಬತ್ತು ವರ್ಷದ ಹುಡುಗನಾಗಿದ್ದಾಗ ಒಂದು ಮೇಕೆ ಕದ್ದಿದ್ದಕ್ಕೆ ಹದಿನೈದು ವರ್ಷ ಪಟ್ಟಿಯಲ್ಲಿಟ್ಟಿದ್ದೇವೆ ಅವನನ್ನು.

ಅವನ ಹೆಸರಲ್ಲೂ ಮಾದಪ್ಪ, ನನ್ನ ಹೆಸರಲ್ಲೂ ಮಾದಪ್ಪ. ನಾನು ಆ ದೇವರ ಹೆಸರಲ್ಲೇ ಪ್ರಮಾಣ ಮಾಡಿ ಕೋರ್ಟಿನಲ್ಲಿ ಸುಳ್ಳು ಹೇಳಿದವನು.

ಕೊಳ್ಳೇಗಾಲದ ಒಬ್ಬ ವಕೀಲರು ಅವನ ಪರವಾಗಿ ಹೈಕೋರ್ಟಿಗೆ ಅಪೀಲು ಹಾಕಿಸಿದ್ದಾರೆ. ಫೆಬ್ರವರಿಯಲ್ಲಿ ವಿಚಾರಣೆಗೆ ಬರುತ್ತದಂತೆ. ಅದಕ್ಕೆ ಮುಂಚೆ ನಾನು ಏನು ಮಾಡಬೇಕೆಂದು ನಿಶ್ಚಯಿಸಿಕೊಳ್ಳಬೇಕು. ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಏಳು ಹೆಸರಿದ್ದವು. ಆರು ಜನಕ್ಕೆ ‘ಇದ್ದಾನೆ’. ಅವನಿಗೆ ಯಾಕೆ ‘ಇಲ್ಲ’? ಅವನ ಮೇಲೆ ನಿಮಗೆ ಏನಾದರೂ ದ್ವೇಷವಿತ್ತೇ?

ತಮ್ಮವನು


ಕೊಳ್ಳೇಗಾಲ
20-10-1957

ತಮ್ಮಾ,

ದ್ವೇಷವೇ? ಅವನ ಮುಖ ಎದುರಿಗೆ ಬಂದರೂ ಗುರುತು ಹಿಡಿಯಲಾರೆ. ದ್ವೇಷವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೇಳುತ್ತಲೇ ಇದ್ದೀಯಲ್ಲ, ಹೇಳುತ್ತೇನೆ. ಓದಿ ಸುಟ್ಟುಬಿಡು.

ನಾನು ಕೆಲಸ ಕಲಿತದ್ದು ಒಬ್ಬ ಹಳೆಯ ರೈಟರರ ಕೈಕೆಳಗೆ. ಬುಕ್ಕನ್ನು ಕೂತಲ್ಲೇ ತುಂಬಿಸುವುದು ಹೇಗೆಂದು ಹೇಳಿಕೊಟ್ಟವರು ಅವರು. ‘ಎಲ್ಲರನ್ನೂ ಮನೆಯಲ್ಲಿ ಕೂರಿಸಬೇಡ ಸುಬ್ಬಯ್ಯ. ಏಳು ಜನರೂ ದಿನಾ ಮನೆಯಲ್ಲೇ ಇದ್ದಾರೆ ಅಂದರೆ ಇನ್‌ಸ್ಪೆಕ್ಟರಿಗೆ ಮೂಗಿಗೆ ವಾಸನೆ ಬಡಿಯುತ್ತದೆ. ಒಬ್ಬನನ್ನು ಹೊರಗೆ ಕಳಿಸು. ಒಬ್ಬ ಇಲ್ಲ ಅಂದರೆ ಉಳಿದ ಆರೂ ಜನ ನಿಜವಾಗಿಬಿಡುತ್ತಾರೆ’ ಅಂದಿದ್ದರು. ಅಂದಿನಿಂದ ತುಂಬಿಸುವ ದಿನಗಳಲ್ಲೆಲ್ಲ ಒಬ್ಬೊಬ್ಬನನ್ನು ಹೊರಗೆ ಕಳಿಸುತ್ತಾ ಬಂದೆ. ಸರದಿಯ ಪ್ರಕಾರ. ಮಾರನೆಯ ದಿನ ‘ನೆಂಟರ ಮನೆಗೆ ಹೋಗಿದ್ದ, ವಿಚಾರಿಸಲಾಗಿದೆ’ ಎಂದು ಬರೆದರೆ ಮುಗಿಯಿತು. ಯಾರಿಗೂ ಒಂದು ಕೂದಲೂ ಕೊಂಕಲಿಲ್ಲ. ಎಷ್ಟು ಇನ್‌ಸ್ಪೆಕ್ಟರುಗಳು ನನ್ನ ಬುಕ್ಕಿಗೆ ‘ಬಹಳ ಚೆನ್ನಾಗಿದೆ’ ಎಂದು ಷರಾ ಬರೆದರು ಗೊತ್ತೇ?

ಆ ದಿನ ಅಕ್ಟೋಬರ್ 31. ಎಲ್ಲ ಪೆರೇಡಿಗೆ ಹೋಗಿದ್ದಿರಿ. ನಾನೊಬ್ಬನೇ ಕೂತು ಮದ್ರಾಸಿನ ರಿಜಿಸ್ಟರುಗಳಿಗೆ ಒಂದೊಂದಾಗಿ ಕೊನೆಯ ಗೆರೆ ಎಳೆಯುತ್ತಿದ್ದೆ. ಬೀಟ್ ಬುಕ್ಕಿನಲ್ಲಿ ಮಾತ್ರ ಆ ದಿನದ ಪುಟ ಖಾಲಿ. ‘ಪೇದೆಗಳು ಪೆರೇಡಿಗೆ ಹೋಗಿದ್ದರಿಂದ ಬೀಟು ಇಲ್ಲ’ ಎಂದು ನಿಜ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾಳೆ ಮೈಸೂರಿನವರು ಬಂದು ಈ ಬುಕ್ಕು ತೆಗೆಯುತ್ತಾರೆ, ಮದ್ರಾಸಿನವರ ಕಡೆಯ ಪುಟವೇ ಖಾಲಿ ಎಂದು ಆಡಿಕೊಳ್ಳುತ್ತಾರೆ ಅನ್ನಿಸಿತು. ಹಾಳು ಜಂಬ! ತುಂಬಿಸಿದೆ. ಹೋದ ಸಲ ಆರನೆಯವನನ್ನು ಹೊರಗೆ ಕಳಿಸಿದ್ದೆ. ಈ ಸಲ ಏಳನೆಯವನ ಸರದಿ. ಬರೆದೆ. ಇಷ್ಟೇ ಕಣಯ್ಯಾ ಕಾರಣ. ಇದಕ್ಕಿಂತ ದೊಡ್ಡದು ಏನೂ ಇಲ್ಲ.

ಮಾರನೆಯ ದಿನ ನಿನ್ನ ಸಹಿ ಹಾಕಿಸಿ, ಬುಕ್ಕಿಗೆ ಅರಗಿನ ಮುದ್ರೆ ಒತ್ತಿ ಹೊಸ ಇನ್‌ಸ್ಪೆಕ್ಟರ ಕೈಗೆ ಕೊಟ್ಟೆ. ಅವರು ತಮಿಳು ಬಲ್ಲವರು, ಉಳಿದ ರಿಜಿಸ್ಟರುಗಳನ್ನು ತಿರುವಿ ನೋಡಿ ಎಲ್ಲರ ಮುಂದೆ ನನ್ನ ಅಕ್ಷರ ಹೊಗಳಿದರು. ಅದಾಗಿ ಅರ್ಧ ಗಂಟೆಗೆ ಗಾಡಿಯವನ ಹೆಣ ಸಿಕ್ಕ ಸುದ್ದಿ ಬಂತು. ಅವರು ಮುದ್ರೆ ಒಡೆದು ಬುಕ್ಕು ತೆಗೆದು, ಬೆರಳಿನಲ್ಲಿ ಹೆಸರುಗಳ ಮೇಲೆ ಎಳೆಯುತ್ತಾ ಏಳನೆಯದರ ಮೇಲೆ ನಿಲ್ಲಿಸಿದರು. ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಬಿಡಲಿಲ್ಲ. ಹೊಗಳಿಸಿಕೊಂಡ ಬಾಯಿ, ಅಷ್ಟು ಬೇಗ ಹೇಗೆ ಬಿಡುತ್ತದೆ?

ಸಾಕು. ಕೇಳಿದೆ, ಹೇಳಿದೆ. ನನ್ನ ಎದೆಯಲ್ಲಿ ಇದ್ದದ್ದು ನಿನ್ನ ಎದೆಗೂ ಬಂತು. ಇನ್ನು ಇಬ್ಬರೂ ಬಾಯಿ ಮುಚ್ಚಿಕೊಂಡು ಇರೋಣ.

ನಿನ್ನ ಹಿತ ಬಯಸುವವನು


ಯಳಂದೂರು
8-12-1957

ಅಣ್ಣನವರಿಗೆ,

ನಿಮ್ಮ ಕಾಗದ ಬಂದು ಒಂದೂವರೆ ತಿಂಗಳಾಯಿತು. ಪ್ರತಿ ದಿನವೂ ಉತ್ತರ ಬರೆಯಲು ಕೂತು ಎದ್ದೆ. ಸರದಿ ಅಂದಿರಲ್ಲ ಅಣ್ಣ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಆ ದಿನ ಐದನೆಯವನ ಸರದಿಯಾಗಿದ್ದರೆ ಐದನೆಯವನು ಜೈಲಿನಲ್ಲಿ ಇರುತ್ತಿದ್ದ.

ನಾನು ವಕೀಲರನ್ನು ನೋಡಿದೆ. ಹೆದರಬೇಡಿ, ನಿಮ್ಮ ಹೆಸರು ಎತ್ತಲಿಲ್ಲ. ಬೀಟು ನಡೆಯಲಿಲ್ಲ, ನಾನು ಆ ದಿನ ಕೊಳ್ಳೇಗಾಲದ ಪೆರೇಡಿನಲ್ಲಿದ್ದೆ, ಸುಳ್ಳು ಸಾಕ್ಷಿ ಹೇಳಿದೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೋಡಪ್ಪಾ, ಒಂದು ಸಲ ಸುಳ್ಳು ಹೇಳಿದವನು ಈಗ ಹೇಳುವುದು ನಿಜ ಎಂದು ಹೈಕೋರ್ಟು ಯಾಕೆ ನಂಬಬೇಕು? ಆ ಹೆಂಗಸು ಏನೋ ಕೊಟ್ಟು ನಿನ್ನನ್ನು ತಿರುಗಿಸಿದ್ದಾಳೆ ಅನ್ನುತ್ತಾರೆ. ನೀನೂ ಹೋಗುತ್ತೀಯ, ಅವನೂ ಉಳಿಯುವುದಿಲ್ಲ. ಕಾಗದದ ಆಧಾರ ತಾ’ ಅಂದರು.

ಕಾಗದ ಇರುವುದು ನಿಮ್ಮ ಹತ್ತಿರ. ಆ ದಿನ ಪೆರೇಡಿಗೆ ಹೋದವರ ಹಾಜರಿ ಪಟ್ಟಿ ನಮ್ಮ ಹೊರಠಾಣೆಯ ಹಳೆಯ ಕಟ್ಟಿನಲ್ಲಿದೆ. ಅದರಲ್ಲಿ 417 ಇದೆ. ನನ್ನ ಕಣ್ಣೆದುರೇ ನೀವು ಬರೆದಿರಿ. ಆ ಒಂದು ಹಾಳೆ ಸಾಕು. ಬೀಟ್ ಬುಕ್ಕು ತುಂಬಿಸಿದವನು ನಾನೇ ಎಂದು ಬೇಕಾದರೆ ಒಪ್ಪಿಕೊಳ್ಳುತ್ತೇನೆ. ನೀವು ಎಲ್ಲೂ ಬರಬೇಕಾಗಿಲ್ಲ. ಹಾಳೆಯನ್ನು ಕವರಿನಲ್ಲಿ ಹಾಕಿ ಕಳಿಸಿ ಅಣ್ಣ. ಕಾಲಿಗೆ ಬೀಳುತ್ತೇನೆ.

ತಮ್ಮವನು


ಕೊಳ್ಳೇಗಾಲ
15-12-1957

ತಮ್ಮಾ,

ಮದ್ರಾಸಿನ ಕಾಲದ ಬೇಡವಾದ ಕಟ್ಟುಗಳನ್ನು ವಿಲೇವಾರಿ ಮಾಡಲು ಹೋದ ತಿಂಗಳೇ ಹುಕುಂ ಬಂದಿತ್ತು. ನಿನ್ನ ಕಾಗದ ಬಂದ ಮಾರನೆಯ ದಿನ ಸುಟ್ಟೆ. ಠಾಣೆಯ ಹಿಂದಿನ ಹುಣಸೆ ಮರದ ಕೆಳಗೆ, ಇಬ್ಬರು ಪೇದೆಗಳ ಸಮಕ್ಷಮ. ನೀನು ಕೇಳಿದ ಹಾಳೆಯೂ ಅದರಲ್ಲಿತ್ತು.

ನನ್ನನ್ನು ಏನು ಬೇಕಾದರೂ ಅಂದುಕೋ. ಇನ್ನು ನನಗೆ ಬರೆಯಬೇಡ.


ಯಳಂದೂರು
3-1-1958

ಠಾಣಾ ರೈಟರ್ ಸುಬ್ಬಯ್ಯನವರಿಗೆ,

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದಿರಿ, ಮೇಲೆಯೇ ಹಾಕಿದ್ದೇನೆ.

ನೀವು ಬೆಂಕಿ ಹಾಕಿದ್ದು ಕಾಗದಕ್ಕಲ್ಲ. ಆ ಮನುಷ್ಯನ ಹತ್ತು ವರ್ಷಕ್ಕೆ. ಮೊದಲನೆಯ ಸಲ ತಿಳಿಯದೆ ಮಾಡಿದಿರಿ, ಈ ಸಲ ಬೇಕೆಂದೇ ಮಾಡಿದಿರಿ. ನಿಮ್ಮನ್ನು ಅಣ್ಣ ಎಂದು ಕರೆದ ನಾಲಿಗೆಗೆ ನಾಚಿಕೆಯಾಗುತ್ತಿದೆ. ಕಾನ್‌ಸ್ಟೇಬಲ್ ಆಗಿ ಸೇರಿದಾಗ ಹೆಬ್ಬೆಟ್ಟು ಒತ್ತುತ್ತಿದ್ದವನ ಕೈಹಿಡಿದು ‘ಮಾದಸ್ವಾಮಿ’ ಎಂದು ಬರೆಯಲು ಕಲಿಸಿದವರು ನೀವು. ಕಲಿಸಿದ್ದು ಇದಕ್ಕೇನಾ?

ಈಗ ನಾನು ಒಂದು ಮಾತು ಹೇಳುತ್ತೇನೆ, ಕೂತುಕೊಂಡು ಓದಿ. ಅಕ್ಟೋಬರ್ ಇಪ್ಪತ್ತನೆಯ ತಾರೀಖಿನ ನಿಮ್ಮ ಕಾಗದವನ್ನು ನಾನು ಸುಡಲಿಲ್ಲ. ಸುಡಬೇಕೆಂದು ಒಲೆಯ ಮುಂದೆ ಕೂತೆ, ಕೈ ಬರಲಿಲ್ಲ. ಟ್ರಂಕಿನಲ್ಲಿ ಯೂನಿಫಾರಮ್ಮಿನ ಕೆಳಗೆ ಇದೆ. ಏಳನೆಯವನ ಸರದಿ ಎಂದು ನಿಮ್ಮ ಕೈಯಲ್ಲೇ ಬರೆದದ್ದು. ಆ ಅಕ್ಷರ ಇಡೀ ತಾಲ್ಲೂಕಿಗೆ ಗೊತ್ತು.

ನಿಮಗೆ ಹೇಳದೆ ಅದನ್ನು ಕೋರ್ಟಿಗೆ ಕೊಡಲಾರೆ, ನಂಬಿ ಬರೆದಿರಿ. ಕೊಡದೆ ಇರಲೂ ಆರೆ. ಸಂಕ್ರಾಂತಿಯ ತನಕ ಕಾಯುತ್ತೇನೆ. ಬೇಡ ಎಂದು ನೀವು ಬರೆದರೂ ಕೊಡುತ್ತೇನೆ, ಆದರೆ ಆಮೇಲೆ ಜನ್ಮದಲ್ಲಿ ನಿಮ್ಮ ಮುಖ ನೋಡುವುದಿಲ್ಲ.

ಮಾದಸ್ವಾಮಿ, ಪೇದೆ ನಂ. 417


ಬೂದಿಗುಡ್ಡೆ ಹೊರಠಾಣೆ
12-1-1958

ಮಾದಸ್ವಾಮಿಗೆ,

ನಿನ್ನ ಕಾಗದ ಬಂದ ದಿನ ಊಟ ಬಿಟ್ಟೆ. ಯಳಂದೂರಿಗೆ ಬಂದು ನಿನ್ನ ಟ್ರಂಕು ಒಡೆಯಲೇ ಎಂದು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಬಸ್ಸಿನ ಹೊತ್ತು ಕೂಡ ವಿಚಾರಿಸಿದೆ.

ನಿನ್ನೆ ಬೆಳಿಗ್ಗೆ ಠಾಣೆಯ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಯಾರಮ್ಮ ಅಂದೆ. ‘ಲೊಕ್ಕನಳ್ಳಿ ಚಿಕ್ಕಮಾದಪ್ಪನ ಎಡ್ತಿ ಸಾ. ಒಂದರ್ಜಿ ಬರುಸ್ಕಬೇಕಿತ್ತು’ ಅಂದಳು. ಎಲ್ಲ ತಿಳಿದೇ ಬಂದಿದ್ದಾಳೆ ಅಂದುಕೊಂಡೆ. ಇಲ್ಲ. ಅವಳ ಪಾಲಿಗೆ ಬುಕ್ಕಿನಲ್ಲಿರುವುದು ನಿನ್ನ ಸಹಿ ಮಾತ್ರ. ಬರೆದವನು ಯಾರೆಂದು ಅವಳಿಗೆ ಗೊತ್ತೇ ಇಲ್ಲ. ಹನೂರಿನ ಸಂತೆಯಲ್ಲಿ ಯಾರೋ ಹೇಳಿದರಂತೆ. ‘ನಿಮ್ಮಕ್ಸರ ಬಲೇ ಚೆಂದವಂತೆ. ನೀವ್ ಬರುದ್ರೆ ದೊಡ್ಡೋರು ಓದ್ತಾರಂತೆ’ ಅಂದಳು.

ಗಂಡನನ್ನು ಮೈಸೂರಿನ ಜೈಲಿನಿಂದ ದೂರ ಎಲ್ಲಿಗೋ ಸಾಗಿಸುತ್ತಾರೆಂದು ಸುದ್ದಿ ಬಂದಿದೆ. ಸಾಗಿಸಬೇಡಿ, ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ ಬರುತ್ತೇನೆ ಎಂದು ಅರ್ಜಿ. ನಾನು ಹಾಳೆ ತೆಗೆದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ‘ನನ್ನ ಗಂಡ ಕಳೆದ ಹದಿನಾಲ್ಕು ತಿಂಗಳಿನಿಂದ ಮನೆಯಲ್ಲಿ’ ಎಂಬಲ್ಲಿಗೆ ಬಂತು. ಮುಂದೆ ಬರೆಯಬೇಕಾದ ಪದ ‘ಇಲ್ಲ’. ಮಾದಸ್ವಾಮಿ, ಆ ಪದ ಬರೆಯಲು ನನ್ನ ಕೈಗೆ ಆಗಲಿಲ್ಲ. ಇಪ್ಪತ್ತೆರಡು ವರ್ಷ ಎಷ್ಟು ಸಲ ಬರೆದಿದ್ದೇನೋ. ಮೊದಲನೆಯ ಸಲ ಅದು ನಿಜವಾಗಿತ್ತು, ಹಾಗೆ ಮಾಡಿದವನು ನಾನು.

‘ಯಾಕ್ ಸಾ, ಮಸಿ ಆಗೋಯ್ತಾ?’ ಅಂದಳು.

ಅತ್ತುಬಿಟ್ಟೆ ಕಣಯ್ಯಾ. ಒಬ್ಬ ಹೆಡ್ ಕಾನ್‌ಸ್ಟೇಬಲ್, ಠಾಣೆಯ ಜಗಲಿಯ ಮೇಲೆ, ಅವಳ ಎದುರಿಗೆ ಅತ್ತೆ. ಅವಳಿಗೆ ಗಾಬರಿಯಾಯಿತು. ಒಳ್ಳೆಯ ಮನುಷ್ಯ, ತನ್ನ ಕಷ್ಟ ಕೇಳಿ ಕರಗಿದ್ದಾನೆ ಅಂದುಕೊಂಡಳು. ಅರ್ಜಿ ಮುಗಿಸಿ ಕೊಟ್ಟೆ. ಸೆರಗಿನಿಂದ ಎರಡು ಬೊಗಸೆ ಅವರೆಕಾಯಿ ತೆಗೆದು ಮೇಜಿನ ಮೇಲಿಟ್ಟಳು. ಆನೆ ತುಳಿಯದೆ ಬಿಟ್ಟಿದ್ದು ಅಂದಳು. ಅದನ್ನು ಮನೆಗೆ ಒಯ್ದೆ. ಸರಸ್ವತಿ ಎಲ್ಲಿಯದು ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಕಾಯಿಯನ್ನು ಬಿಡಿಸಲಿಲ್ಲ. ‘ಏನ್ ಮಾಡ್ತೀರಿ ಈಗ’ ಎಂದು ಕೇಳಿದಳು.

ಕೊಡು. ಆ ಕಾಗದವನ್ನು ವಕೀಲರಿಗೆ ಕೊಡು. ಅದರಲ್ಲಿ ಸಹಿ ಇಲ್ಲ. ನನ್ನದಲ್ಲ ಎಂದು ನಾಳೆ ನಾನೇ ಹೆದರಿ ಅಂದರೂ ಅನ್ನಬಹುದು, ನನ್ನನ್ನು ನಾನೇ ನಂಬುವುದಿಲ್ಲ. ಅದಕ್ಕೇ ಇದನ್ನೂ ಜೊತೆಗೆ ಕೊಡು. ಅಕ್ಟೋಬರ್ 31, 1956ರಂದು ಲೊಕ್ಕನಹಳ್ಳಿ ಬೀಟು ನಡೆಯಲಿಲ್ಲ. ಪೇದೆ 417 ಕೊಳ್ಳೇಗಾಲದ ಪೆರೇಡಿನಲ್ಲಿದ್ದ. ಬೀಟ್ ಬುಕ್ಕಿನ ಆ ಪುಟವನ್ನು ಕೂತಲ್ಲೇ ಬರೆದವನು ನಾನು. ಚಿಕ್ಕಮಾದಪ್ಪ ಆ ಸಂಜೆ ಮನೆಯಲ್ಲಿ ಇರಲಿಲ್ಲ ಎಂಬುದಕ್ಕೆ ನನ್ನ ಸುಳ್ಳಿನ ಹೊರತು ಬೇರೆ ಆಧಾರವಿಲ್ಲ. ಪೆರೇಡಿನ ಹಾಜರಿ ಪಟ್ಟಿಯನ್ನು ಬೇಕೆಂದೇ ಸುಟ್ಟವನೂ ನಾನೇ.

ಕೆ. ಸುಬ್ಬಯ್ಯ
ಹೆಡ್ ಕಾನ್‌ಸ್ಟೇಬಲ್ ನಂ. 88, ಠಾಣಾ ರೈಟರ್


ಕೊಳ್ಳೇಗಾಲ
31-10-1958

ಮಾದಸ್ವಾಮಿಗೆ ಸುಬ್ಬಯ್ಯನ ಆಶೀರ್ವಾದ.

ನಿನ್ನ ಕೆಲಸ ಉಳಿಯಿತೆಂದು ವಕೀಲರು ಹೇಳಿದರು. ಐದು ವರ್ಷದ ಸೀನಿಯಾರಿಟಿ ಹೋಯಿತಂತೆ. ಹೋಗಲಿ, ನೀನಾಗಿ ಬಂದು ನಿಜ ಹೇಳಿದ್ದಕ್ಕೆ ಅಷ್ಟಾದರೂ ಉಳಿಸಿದರು. ನನ್ನನ್ನು ವಜಾ ಮಾಡಿದ ಹುಕುಂ ಜೂನಿನಲ್ಲೇ ಕೈಸೇರಿತು. ಬಹಳ ಕೆಟ್ಟ ಅಕ್ಷರದಲ್ಲಿ ಬರೆದಿದ್ದಾರೆ. ಕೇಸು ನಡೆಯುತ್ತಿದೆ, ಆರು ತಿಂಗಳಾದರೂ ಒಳಗೆ ಕೂರಬೇಕಾಗಬಹುದು. ನಮ್ಮಣ್ಣ ರಾಮಲಿಂಗಯ್ಯ ಮಗ್ಗದ ಕೋಣೆಯಲ್ಲಿ ಒಂದು ಮೂಲೆ ಕೊಟ್ಟಿದ್ದಾನೆ. ಅವನು ರೇಷ್ಮೆ ಸೀರೆ ನೇಯುತ್ತಾನೆ, ನಾನು ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಹೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಚಿಕ್ಕಮಾದಪ್ಪ ಬಿಡುಗಡೆಯಾಗಿ ಎರಡು ತಿಂಗಳಾಯಿತೆಂದು ನಿನಗೆ ಗೊತ್ತಲ್ಲ. ನಾನು ಅವನ ಎದುರಿಗೆ ಹೋಗಿರಲಿಲ್ಲ. ಧೈರ್ಯ ಎಲ್ಲಿಂದ ತರಲಿ? ಇವತ್ತು ತಾರೀಖು ನೋಡಿದೆ. ಬೆಳಿಗ್ಗೆ ಎದ್ದು ಹನೂರಿನ ಬಸ್ಸು ಹತ್ತಿದೆ. ಇಳಿದು ನಡೆದೆ. ಆ ಬೀಟನ್ನು ನಾನು ಎಷ್ಟು ನೂರು ಸಲ ಕೂತಲ್ಲೇ ನಡೆದಿದ್ದೆನೋ, ಕಾಲಿನಲ್ಲಿ ನಡೆದದ್ದು ಇವತ್ತೇ. ಪಟೇಲರ ಜಗಲಿ ದಾಟಿದ ಮೇಲಿನ ಆ ಎರಡು ಮೈಲಿ ಏರು ಕಣಯ್ಯಾ, ನನಗೆ ಉಸಿರು ಕಟ್ಟಿತು.

ಗುಡಿಸಲಿಗೆ ಈಗ ಬಾಗಿಲಿದೆ. ಹೊಸ ಮತ್ತಿ ಮರದ ಹಲಗೆ. ಅವನೇ ಕೂಡಿಸಿದ್ದಿರಬೇಕು. ಮುಂದೆ ನಿಂತೆ. ಹೊತ್ತು ಇಳಿಯುತ್ತಿತ್ತು. ಕೈ ಎತ್ತಿದೆ, ಇಳಿಸಿದೆ. ವಾಪಸು ಹೋಗಿಬಿಡೋಣ ಅನ್ನಿಸಿತು. ಕಡೆಗೆ ಬಡಿದೆ.

ಒಳಗೆ ಹಗ್ಗ ಹೊಸೆಯುವ ಸದ್ದು ನಿಂತಿತು. ಬಾಗಿಲು ತೆರೆಯಿತು. ಎತ್ತರದ ಮನುಷ್ಯ, ಕೆನ್ನೆ ಒಳಗೆ ಹೋಗಿದೆ, ಗಡ್ಡ ಅರ್ಧ ಬೆಳ್ಳಗಾಗಿದೆ. ಹದಿನೈದು ವರ್ಷ ಅವನ ಹೆಸರು ಬರೆದ ನಾನು ಮುಖ ನೋಡಿದ್ದು ಆಗಲೇ. ನಾನು ಪಂಚೆ ಉಟ್ಟಿದ್ದೆ, ಟೋಪಿಯಿಲ್ಲ, ಬೆಲ್ಟಿಲ್ಲ. ಆದರೂ ಠಾಣೆಯವನೆಂದು ಅದು ಹೇಗೋ ಅವನಿಗೆ ಗೊತ್ತಾಯಿತು. ಎರಡು ಕೈಯನ್ನೂ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ.

‘ಮನೇಲೇ ಇವ್ನಿ ಸಾ. ಬರ್ಕಳಿ’ ಅಂದ.

ಹಂಗಿಸಿದನೋ, ಹೆದರಿದನೋ, ಇಲ್ಲ ಅದು ಬರೀ ಅಭ್ಯಾಸವೋ ನನಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ತಪ್ಪಾಯಿತಪ್ಪಾ ಅನ್ನುವ ಮಾತನ್ನು ಕಟ್ಟಿಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅವನು ಹಾಗೇ ನಿಂತಿದ್ದ, ನಾನು ಬರೆದುಕೊಳ್ಳಲೆಂದು ಕಾಯುತ್ತಿದ್ದ. ನನ್ನ ಹತ್ತಿರ ಬುಕ್ಕೂ ಇರಲಿಲ್ಲ, ಪೆನ್ನೂ ಇರಲಿಲ್ಲ. ಕೈ ಮುಗಿದು ಬಂದೆ.

ಕಡೆಯ ಬಸ್ಸು ಹಿಡಿದು ಈಗಷ್ಟೇ ಮನೆ ಸೇರಿದೆ, ಸರಿರಾತ್ರಿ. ಕಾಲು ಊದಿದೆ. ಅವನು ಬರೆದುಕೊಳ್ಳಿ ಅಂದಿದ್ದಾನೆ, ಬರೆಯದಿದ್ದರೆ ಆಗುವುದಿಲ್ಲ. ಯಾವ ಬುಕ್ಕಿನಲ್ಲಿ ಬರೆಯಲಿ? ನಿನಗೆ ಹಾಕುವ ಈ ಕಾಗದದಲ್ಲೇ ಬರೆಯುತ್ತೇನೆ. ನೀನು ಸುಡುವವನಲ್ಲ.

ಲೊಕ್ಕನಹಳ್ಳಿ ಬೀಟು. ತಾರೀಖು 31-10-1958, ಸಂಜೆ. ಚಿಕ್ಕಮಾದಪ್ಪನವರು ಮನೆಯಲ್ಲಿ ಇದ್ದಾರೆ. ಹೋಗಿ, ಬಾಗಿಲು ಬಡಿದು, ಕಣ್ಣಾರೆ ನೋಡಿ ಬರೆದದ್ದು.

ಕೆ. ಸುಬ್ಬಯ್ಯ